ಪಾಲಿಶ್ ಕಾಂಕ್ರೀಟಾ, ಮೈಕ್ರೋಸಿಮೆಂಟಾ? ಮುಂಬೈ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಲುಂಡ್, ಠಾಣೆ, ಡೊಂಬಿವಲಿ ಕಡೆ ಮನೆ ರಿಪೇರಿ ಕೆಲಸ ಹಿಡಿಯುವವನು ನಾನು. ಆಗಾಗ ಪುಣೆಗೂ ಗೋವಾಕ್ಕೂ ಹೋಗುವುದುಂಟು. ಕನ್ನಡದವರು ಅಂತ ಗೊತ್ತಾದರೆ ಫೋನು ಅರ್ಧ ಗಂಟೆಗೆ ಮುಂಚೆ ಇಡುವ ಹಾಗಿಲ್ಲ. ನಿಮ್ಮೂರು ಯಾವುದು ಅಂತ ಶುರುವಾದ ಮಾತು ಕೊನೆಗೆ "ಆ ಬೂದಿ ಬಣ್ಣದ ನೆಲ ಇದೆಯಲ್ಲ, ಸಂದೇ ಕಾಣದ್ದು, ಅದು ನಮ್ಮನೆಗೆ ಆಗುತ್ತಾ?" ಅನ್ನುವಲ್ಲಿಗೆ ಬರುತ್ತದೆ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಏನು?

ಪಾಲಿಶ್ ಕಾಂಕ್ರೀಟ್ ಅಂದರೆ ಇರುವ ಕಾಂಕ್ರೀಟನ್ನೇ ಉಜ್ಜಿ ಹೊಳಪು ಬರಿಸುವುದು. ವಜ್ರದ ಹರಳು ಕೂರಿಸಿದ ತಟ್ಟೆಗಳಿರುವ ಭಾರದ ಮಷೀನು ನೆಲದ ಮೇಲೆ ಓಡುತ್ತದೆ. ಮೊದಲು 30 ಅಥವಾ 40 ಗ್ರಿಟ್ (ಹರಳು ಎಷ್ಟು ನುಣ್ಣಗಿದೆ ಅನ್ನುವ ಅಂಕಿ, ಏರಿದಷ್ಟೂ ನುಣುಪು), ಆಮೇಲೆ 100, 200, 400, 800, ತೀರಾ ಹೊಳಪು ಬೇಕೆಂದರೆ 3000 ತನಕ. ನಡುವೆ ಡೆನ್ಸಿಫೈಯರ್ ಅನ್ನುವ ದ್ರವ ಸುರಿಯುತ್ತಾರೆ. ಅದು ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟ್. ಕಾಂಕ್ರೀಟಿನೊಳಗೆ ಉಳಿದಿರುವ ಸುಣ್ಣದ ಜೊತೆ ಸೇರಿ ಸಣ್ಣ ರಂಧ್ರಗಳನ್ನು ಗಟ್ಟಿಯಾಗಿ ಮುಚ್ಚುತ್ತದೆ. ಮೊದಲ ದಿನ ನೋಡಿದರೆ ಇದೇನು ಮಹಾ ಅನಿಸುತ್ತದೆ, ರಸ್ತೆಯ ಹಾಗೆ ಒರಟಾಗಿರುತ್ತದೆ. 400 ದಾಟಿದ ಮೇಲೆ ಟ್ಯೂಬ್‌ಲೈಟಿನ ಬೆಳಕು ನೆಲದಲ್ಲಿ ಮಸುಕಾಗಿ ಕಾಣುತ್ತದೆ. 800ರ ಹೊತ್ತಿಗೆ ಟ್ಯೂಬಿನ ಎರಡು ತುದಿಯನ್ನೂ ನೆಲದಲ್ಲೇ ಗುರುತಿಸಬಹುದು.

ಮೈಕ್ರೋಸಿಮೆಂಟ್ ಅಂದರೆ ಮೇಲಿಂದ ಬಳಿಯುವ ಪದರ. ಸಿಮೆಂಟು, ನುಣ್ಣನೆ ಪುಡಿ, ಪಾಲಿಮರ್, ಬಣ್ಣ ಕಲಸಿ ಕರಣೆಯಲ್ಲಿ ಮೂರು ನಾಲ್ಕು ಸಲ ತೆಳ್ಳಗೆ ಎಳೆಯುತ್ತಾರೆ. ಎಲ್ಲ ಸೇರಿ 2ರಿಂದ 3 ಮಿಲಿಮೀಟರ್, ಅಷ್ಟೇ. ಅದರ ಮೇಲೆ ನೀರು, ಕಲೆ ಇಳಿಯದ ಹಾಗೆ ಹೊಡೆಯುವ ಸೀಲರ್. ಒಂದರಲ್ಲಿ ಕೆರೆಯುತ್ತೀರಿ, ಇನ್ನೊಂದರಲ್ಲಿ ಬಳಿಯುತ್ತೀರಿ. ಹಾಗಾಗಿ ಬಣ್ಣದ ಕ್ಯಾಟಲಾಗ್ ಆಮೇಲೆ ನೋಡೋಣ. ನಿಮ್ಮ ನೆಲದ ಕೆಳಗೆ ಏನಿದೆ ಅನ್ನುವುದೇ ನನ್ನ ಮೊದಲ ಪ್ರಶ್ನೆ.

ನಮ್ಮದು ಫ್ಲಾಟ್. ಲಾದಿ (ನೆಲದ ಟೈಲ್) ಕಿತ್ತು ಸ್ಲ್ಯಾಬನ್ನೇ ಪಾಲಿಶ್ ಮಾಡಿಸಬಹುದಾ?

ಬೇಡ. ಇದನ್ನು ಕೇಳುವವರೇ ಜಾಸ್ತಿ, ಬೇಜಾರಾಗುವವರೂ ಇವರೇ.

ಫ್ಲಾಟಿನ ಸ್ಲ್ಯಾಬ್ 5 ಇಂಚಿನ ಆಸುಪಾಸು ಇರುತ್ತದೆ. ಅದರೊಳಗಿನ ಕಬ್ಬಿಣಕ್ಕೆ ಮೇಲೂ ಕೆಳಗೂ ಕಾಂಕ್ರೀಟಿನ ಹೊದಿಕೆ ಇರುತ್ತದೆ, ಕವರ್ ಅಂತಾರೆ. ಮನೆಯೊಳಗಿನ ಸ್ಲ್ಯಾಬಿಗೆ ನಮ್ಮ ದೇಶದ ಕಾಂಕ್ರೀಟ್ ಮಾನಕ ಐಎಸ್ 456 ಹೇಳುವ ಕವರ್ ಸಾಮಾನ್ಯವಾಗಿ 20 ಮಿಲಿಮೀಟರ್. ಕೆಲಸದ ಗಡಿಬಿಡಿಯಲ್ಲಿ ಕೆಲವು ಕಡೆ ಅಷ್ಟೂ ಸಿಕ್ಕಿರುವುದಿಲ್ಲ. ಅದರ ಮೇಲೆ ಮಷೀನು ಓಡಿಸಿ, ಜಲ್ಲಿ ಕಾಣಲಿ ಅಂತ ನಾಲ್ಕೈದು ಮಿಲಿಮೀಟರ್ ತೆಗೆದರೆ ಆ ಹೊದಿಕೆಯನ್ನೇ ತೆಳ್ಳಗೆ ಮಾಡಿದ ಹಾಗೆ. ಅದು ನಿಮ್ಮೊಬ್ಬರ ನೆಲವೂ ಅಲ್ಲ, ಕೆಳಗಿನವರ ಸೂರು. ಇನ್ನು ಬಿಲ್ಡರ್ ಆ ಸ್ಲ್ಯಾಬನ್ನು ಯಾರಾದರೂ ನೋಡುತ್ತಾರೆ ಅಂತ ಹಾಕಿರುವುದಿಲ್ಲ. ಏರು ತಗ್ಗು, ಚಪ್ಪಲಿ ಗುರುತು, ಮಧ್ಯೆ ವೈರಿಂಗ್ ಪೈಪು, ಯಾರೋ ತೂತು ತೆಗೆದು ಮುಚ್ಚಿದ ತೇಪೆ. ಲಾದಿ ಕಿತ್ತ ದಿನ ನಿಮಗೇ ಗೊತ್ತಾಗುತ್ತದೆ.

ಪಾಲಿಶ್ ಕಾಂಕ್ರೀಟೇ ಬೇಕು ಅಂದರೆ ಲಾದಿ, ಗಾರೆ ಎಲ್ಲ ಕಿತ್ತು ಮೇಲೆ ಹೊಸದಾಗಿ 50 ಮಿಲಿಮೀಟರ್ ಕಾಂಕ್ರೀಟ್ ಹಾಕಬೇಕು. ಅದರ ತೂಕ ಚದರ ಮೀಟರಿಗೆ 120 ಕೆಜಿ. 500 ಚದರ ಅಡಿ ಮನೆಗೆ ಐದೂವರೆ ಟನ್. ಹಳೆಯದು ಕಿತ್ತರೆ ಅಷ್ಟೇ ತೂಕ ಇಳಿಯುತ್ತದಲ್ಲ ಅಂತ ಲೆಕ್ಕ ಹೇಳುವವರಿದ್ದಾರೆ. ಹೆಚ್ಚುಕಡಿಮೆ ನಿಜ, ಆದರೆ ಆ ಲೆಕ್ಕವನ್ನು ಸ್ಟ್ರಕ್ಚರಲ್ ಇಂಜಿನಿಯರ್ ಬರೆದು ಸಹಿ ಹಾಕಿ ಕೊಡಬೇಕು, ಸೊಸೈಟಿ ಒಪ್ಪಬೇಕು, ರಾಬಿಟ್ (ಕಿತ್ತ ಗಾರೆ, ಲಾದಿ ಚೂರು) ತುಂಬಿದ ಚೀಲಗಳು ಲಿಫ್ಟಿನಲ್ಲಿ ಇಳಿಯಬೇಕು. ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಸದ್ದು ಮಾಡಬೇಡಿ ಅನ್ನುವ ಸೊಸೈಟಿಯಲ್ಲಿ ಗ್ರೈಂಡಿಂಗ್ ಮಷೀನು ಓಡಿಸಿ ನೋಡಿ, ಸೆಕ್ರೆಟರಿ ಬಾಗಿಲಿಗೆ ಬರುತ್ತಾರೆ.

ಇದೇ ಮನೆಗೆ ಮೈಕ್ರೋಸಿಮೆಂಟ್ ಆದರೆ ಒಟ್ಟು ತೂಕ 300 ಕೆಜಿ ಒಳಗೆ. ನೆಲ ಏರಿತೆಂದು ಬಾಗಿಲಿನ ಅಡಿ ಕೆತ್ತಿಸುವ ಕೆಲಸವೂ ಬಹಳ ಸಲ ಬರುವುದಿಲ್ಲ. ಮುಂಬೈ ಫ್ಲಾಟಿನಲ್ಲಿ ಮೈಕ್ರೋಸಿಮೆಂಟ್ ಗೆಲ್ಲುವುದು ಚಂದದಿಂದಲ್ಲ, ಈ ಲೆಕ್ಕದಿಂದ.

ಹಾಗಾದರೆ ಲಾದಿ ಕೀಳದೆ ಅದರ ಮೇಲೇ ಮೈಕ್ರೋಸಿಮೆಂಟ್ ಹಾಕಬಹುದಾ?

ಹಾಕಬಹುದು, ಲಾದಿ ಗಟ್ಟಿಯಾಗಿ ಕೂತಿದ್ದರೆ. ಒಂದು ರೂಪಾಯಿ ನಾಣ್ಯ ತಗೊಂಡು ಒಂದೊಂದು ಲಾದಿಯ ನಾಲ್ಕು ಮೂಲೆ, ನಡುವೆ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ. ಟೊಳ್ಳು ಸದ್ದು ಬಂದರೆ ಚಾಕ್‌ಪೀಸಿನಲ್ಲಿ ಗುರುತು ಮಾಡಿ. ಗುರುತಾದದ್ದನ್ನೆಲ್ಲ ಕಿತ್ತು ತುಂಬಿಸಬೇಕು. ಕಾಲು ಭಾಗಕ್ಕಿಂತ ಜಾಸ್ತಿ ಟೊಳ್ಳಿದ್ದರೆ ಪೂರ್ತಿ ಕಿತ್ತುಬಿಡಿ ಅಂತ ನಾನು ಹೇಳುತ್ತೇನೆ. ಆಮೇಲೆ ಲಾದಿಯ ಹೊಳಪು ಉಜ್ಜಿ ತೆಗೆದು, ಸಂದುಗಳನ್ನು ಸಮ ಮಾಡಿ, ಪ್ರೈಮರ್ ಹೊಡೆದು, ಫೈಬರ್‌ಗ್ಲಾಸ್ ಜಾಲರಿ ಹಾಸಿ, ಅದರ ಮೇಲೆ ಮೊದಲ ಪದರ.

ಆ ಜಾಲರಿಯ ವಿಷಯದಲ್ಲಿ ನಾನೇ ಪಾಠ ಕಲಿತೆ. ಮೊದಲ ಪ್ರಯೋಗ ನಮ್ಮ ಮನೆಯ ಹಾಲಿನಲ್ಲೇ ಆಗಿದ್ದು. ಕರೆಸಿದ ತಂಡದವನು "ಲಾದಿ ಒಳ್ಳೇದಿದೆ, ಜಾಲಿ ಸುಮ್ನೆ ಖರ್ಚು" ಅಂದ, ನಾನೂ ಹೂಂ ಅಂದೆ. ಮಾರ್ಚಿನಲ್ಲಿ ಕೆಲಸ ಮುಗಿಯಿತು. ಬಂದವರೆಲ್ಲ ಚಪ್ಪಲಿ ಬಿಟ್ಟು ಕಾಲಲ್ಲಿ ಉಜ್ಜಿ ನೋಡಿದ್ದೇ ನೋಡಿದ್ದು. ಚೌತಿ ಹೊತ್ತಿಗೆ ಒಂದು ಸಂಜೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಅಡ್ಡಕ್ಕೆ ಬಿದ್ದಾಗ ನನ್ನ ಹೆಂಡತಿ ಕರೆದು ತೋರಿಸಿದಳು. ನೆಲದ ತುಂಬ ಎರಡೆರಡು ಅಡಿಯ ಚೌಕಗಳು, ಪೆನ್ಸಿಲಿನಲ್ಲಿ ಎಳೆದ ಹಾಗೆ. ಕೆಳಗಿದ್ದ ಲಾದಿಯ ಸಂದುಗಳೆಲ್ಲ ಮೇಲೆ ಮೂಡಿದ್ದವು. ನೇರ ನಿಂತು ನೋಡಿದರೆ ಏನೂ ಇಲ್ಲ, ಬಗ್ಗಿ ನೋಡಿದರೆ ಚದುರಂಗದ ಮಣೆ. ಈಗಲೂ ಹಾಗೇ ಇದೆ. ಗಿರಾಕಿ ಬಂದರೆ ಮೊದಲು ಅದನ್ನೇ ತೋರಿಸುತ್ತೇನೆ.

ಬಿರುಕು ಬಿಡುತ್ತಾ?

ಸಿಮೆಂಟು ಬಿರುಕು ಬಿಡುತ್ತದೆ. ಬಿಡುವುದೇ ಇಲ್ಲ ಅಂದವರನ್ನು ನಂಬಬೇಡಿ.

ಪಾಲಿಶ್ ಕಾಂಕ್ರೀಟಿನಲ್ಲಿ ಬಿರುಕು ಎಲ್ಲಿ ಬರಬೇಕು ಅಂತ ನಾವೇ ಮೊದಲು ಹೇಳಬಹುದು. ಅದಕ್ಕೇ ಗೆರೆ ಕೊಯ್ಯುವುದು, ದಪ್ಪದ ಕಾಲು ಭಾಗದಷ್ಟು ಆಳಕ್ಕೆ. ತೆಳು ಕಾಂಕ್ರೀಟಾದರೆ ಹತ್ತಿರ ಹತ್ತಿರ ಕೊಯ್ಯಬೇಕು, 50 ಮಿಲಿಮೀಟರಿಗೆ ಹೆಚ್ಚೆಂದರೆ ಒಂದೂವರೆ ಮೀಟರಿಗೊಂದು. ಹಳೆ ಶಾಲೆ, ಹಳೆ ಆಸ್ಪತ್ರೆಗಳ ಗಾರೆ ನೆಲದಲ್ಲಿ ಗಾಜಿನ ಪಟ್ಟಿ ಕೂರಿಸಿ ಚೌಕ ಮಾಡಿರುತ್ತಿದ್ದರಲ್ವಾ, ಅದು ಅಲಂಕಾರಕ್ಕೆ ಅಂದುಕೊಂಡಿದ್ದೆ ನಾನು. ಕೆಲಸ ಇದೇ.

ಮೈಕ್ರೋಸಿಮೆಂಟಿಗೆ ಸ್ವಂತ ಬಿರುಕು ಕಡಿಮೆ. ಕೆಳಗಿನದು ಅಲುಗಿದರೆ ಇದೂ ಸೀಳುತ್ತದೆ. ಗಿರ್ಗಾಂವ್, ದಾದರ್ ಕಡೆ ಮರದ ತೊಲೆಯ ಮೇಲೆ ಕೋಬಾ (ಗಾರೆಯ ದಪ್ಪ ಹಾಸು) ಹಾಕಿ ಲಾದಿ ಕೂರಿಸಿದ ಹಳೆ ಕಟ್ಟಡಗಳಿವೆ, ಮಗು ಓಡಿದರೂ ಕಪಾಟಿನ ಲೋಟ ಸದ್ದು ಮಾಡುತ್ತದೆ. ಅಲ್ಲಿ ಎರಡೂ ಬೇಡ ಅಂತ ಕೈಮುಗಿದು ಬರುತ್ತೇನೆ.

ಅಡುಗೆಮನೆಗೆ ಆಗುತ್ತಾ? ನಮ್ಮಲ್ಲಿ ಹುಣಸೆಹುಳಿ, ಅರಿಶಿನ ಎಲ್ಲ ಬೀಳುತ್ತೆ.

ನೆಲಕ್ಕೆ ಆಗುತ್ತದೆ, ಕಟ್ಟೆಗೆ ಯೋಚನೆ ಮಾಡಿ.

ಹುಳಿ ಸಿಮೆಂಟನ್ನು ತಿನ್ನುತ್ತದೆ. ನಿಂಬೆ, ಹುಣಸೆ, ಪುನರ್ಪುಳಿ, ವಿನೆಗರ್ ಎಲ್ಲವೂ. ಪಾಲಿಶ್ ಕಾಂಕ್ರೀಟಿನ ಮೇಲೆ ನಿಂಬೆ ಹೋಳು ಹತ್ತು ನಿಮಿಷ ಮಗುಚಿ ಬಿದ್ದಿದ್ದರೆ ಅಷ್ಟು ಜಾಗ ಹೊಳಪು ಹೋಗಿ ಮಂಕಾಗುತ್ತದೆ. ಒರೆಸಿದರೆ ಬರುವುದಿಲ್ಲ, ಅದು ಕಲೆಯಲ್ಲ, ಮೇಲ್ಮೈಯೇ ಕರಗಿದ್ದು. ಮೈಕ್ರೋಸಿಮೆಂಟಿನ ಮೇಲೆ ಎರಡು ಭಾಗ ಕಲಸುವ ಪಾಲಿಯುರೆಥೇನ್ ಸೀಲರ್ ಸರಿಯಾಗಿ ಎರಡು ಕೋಟು ಬಿದ್ದಿದ್ದರೆ ಹುಳಿ, ಎಣ್ಣೆ ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಆ ಸೀಲರಿಗೆ ಆಗದ್ದು ಬಿಸಿ. ಒಲೆಯಿಂದ ಇಳಿಸಿದ ಕುಕ್ಕರನ್ನು ನೇರ ಇಟ್ಟರೆ ಉಂಗುರ ಬೀಳುತ್ತದೆ. ನಮ್ಮ ಹೆಂಗಸರು ಇಡ್ಲಿ ಪಾತ್ರೆ ಇಡುವಾಗ ಮಣೆ ಹುಡುಕುತ್ತಾ ನಿಲ್ಲುವವರಲ್ಲ, ಗಂಡಸರು ಇನ್ನೂ ಅತ್ತತ್ತ. ಕಟ್ಟೆಗೆ ಕಡಪವೋ ಗ್ರಾನೈಟೋ ಹಾಕಿಸಿ, ನೆಮ್ಮದಿಯಾಗಿರಿ.

ಕುಟ್ಟಾಣಿ ಕೈತಪ್ಪಿ ಬಿದ್ದರೆ ಮೈಕ್ರೋಸಿಮೆಂಟಿನಲ್ಲಿ ಚಕ್ಕೆ ಏಳುತ್ತದೆ. ತೇಪೆ ಹಾಕಬಹುದು, ಆದರೆ ಅದು ತೇಪೆ ಅಂತ ಕಾಣುತ್ತದೆ.

ದೇವರ ಕೋಣೆಗೂ ಒಂದು ಮಾತು. ದೀಪದ ಎಣ್ಣೆ ಪಾಲಿಶ್ ಕಾಂಕ್ರೀಟಿನೊಳಗೆ ಇಳಿದರೆ ಕಪ್ಪು ಗುರುತು ಶಾಶ್ವತ. ದೀಪದ ಕೆಳಗೆ ತಟ್ಟೆ ಇಡಿ.

ಬಚ್ಚಲಿಗೆ ಮೈಕ್ರೋಸಿಮೆಂಟ್ ಹಾಕಿದರೆ ವಾಟರ್‌ಪ್ರೂಫಿಂಗ್ ಬೇಡವಂತೆ, ಹೌದಾ?

ಅಲ್ಲ! ಯಾರು ಹೇಳಿದರೋ ಗೊತ್ತಿಲ್ಲ, ಪ್ರತಿ ವಾರ ಯಾರಾದರೂ ಒಬ್ಬರು ಹೇಳುತ್ತಾರೆ. ಮೇಲಿನ ಸೀಲರ್ ನೀರನ್ನು ಒಳಗೆ ಬಿಡುವುದಿಲ್ಲ ಅನ್ನುವುದು ಒಂದು, ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಅನ್ನುವುದು ಬೇರೆ. ನೀರು ಇಳಿಯುವುದು ನಹಾನಿ ಟ್ರ್ಯಾಪಿನ (ಬಚ್ಚಲ ನೆಲದ ನೀರು ಹೋಗುವ ತೂತು) ಸುತ್ತ, ಪೈಪು ಗೋಡೆಯಿಂದ ಹೊರಬರುವಲ್ಲಿ, ಗೋಡೆ ನೆಲ ಸೇರುವ ಮೂಲೆಯಲ್ಲಿ. ಅಲ್ಲೆಲ್ಲ ಕೆಳಗೆ ಮೊದಲು ವಾಟರ್‌ಪ್ರೂಫಿಂಗ್ ಮಾಡಿ, ಟ್ರ್ಯಾಪಿಗೆ ಅರಿವೆ ತುರುಕಿ, ಒಂದೆರಡು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯವರ ಬಚ್ಚಲ ಸೂರನ್ನು ಹೋಗಿ ನೋಡಿ ಬಂದ ಮೇಲೇ ಮೈಕ್ರೋಸಿಮೆಂಟ್. ಇಳಿಜಾರೂ ಕೆಳಗೇ ಸರಿ ಮಾಡಬೇಕು. 3 ಮಿಲಿಮೀಟರಿನಲ್ಲಿ ಇಳಿಜಾರು ಕೊಡಲು ಆಗುವುದಿಲ್ಲ. ಇನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಮನೆಯಿಂದ ಹೊರಗೆ ಹೋಗಬೇಕು. ಕೆಲಸದವರಿಗೆ ಎರಡು ಸಲ ಹೇಳಿ, ಬಾಟಲಿಯನ್ನೂ ಬಚ್ಚಿಡಿ.

ಪಾಲಿಶ್ ಕಾಂಕ್ರೀಟ್ ಬಚ್ಚಲಿಗೆ ಬೇಡ.

ಮಳೆಗಾಲದಲ್ಲಿ ಮಾಡಿಸಬಹುದಾ? ಗಣಪತಿ ಹಬ್ಬಕ್ಕೆ ಮುಂಚೆ ಮುಗಿಯಬೇಕು.

ಜೂನಿನಿಂದ ಸೆಪ್ಟೆಂಬರ್ ತನಕ ಈ ಕೆಲಸ ಹಿಡಿಯದಿರುವುದೇ ಒಳ್ಳೆಯದು. ಗಾಳಿಯಲ್ಲೇ ನೀರಿರುವಾಗ ಪದರ ಒಣಗುವುದಿಲ್ಲ, ಸೀಲರ್ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತದೆ, ಇಲ್ಲವೇ ಸಣ್ಣ ಗುಳ್ಳೆ ಏಳುತ್ತದೆ. ಹೊಸ ಸಿಮೆಂಟ್ ಹಾಸು ಹಾಕಿದರೆ ಒಳ್ಳೆ ಹವೆಯಲ್ಲೇ ಒಂದು ಮಿಲಿಮೀಟರಿಗೆ ಒಂದು ದಿನ ಬೇಕು ಅನ್ನುವುದು ಲೆಕ್ಕ. 50 ಮಿಲಿಮೀಟರಿಗೆ 50 ದಿನ. ಜುಲೈ ತಿಂಗಳ ಮುಂಬೈಯಲ್ಲಿ ಆ ಲೆಕ್ಕ ಹಿಡಿಯಬೇಡಿ.

ಒಣಗಿದೆಯೋ ಇಲ್ಲವೋ ನೋಡಲು ಮಷೀನು ಇಲ್ಲದಿದ್ದರೂ ಆಗುತ್ತದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ. ಕನಿಷ್ಠ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಒಳಗೆ ಹನಿ ಇದ್ದರೆ, ಅಥವಾ ನೆಲ ಅಷ್ಟು ಜಾಗ ಕಪ್ಪಾಗಿದ್ದರೆ ಇನ್ನೂ ಕಾಯಬೇಕು.

ಗೋವಾದಲ್ಲಿ ಹಳೆ ಮನೆ ತಗೊಂಡಿದ್ದೇವೆ. ಅಲ್ಲಿಗೆ ಯಾವುದು?

ಕೆಂಪುಕಲ್ಲಿನ ಮನೆ ತಾನೆ? ಹಾಗಾದರೆ ಮೊದಲು ನೆಲದ ತೇವ ನೋಡಿ. ಆ ಕಾಲದ ಮನೆಗಳಲ್ಲಿ ಮಣ್ಣಿನ ಮೇಲೆ ನೇರ ನೆಲ ಹಾಕಿರುತ್ತಾರೆ, ಕೆಳಗೆ ಪ್ಲಾಸ್ಟಿಕ್ ಹಾಳೆ ಏನೂ ಇರುವುದಿಲ್ಲ. ಮಳೆಗಾಲದಲ್ಲಿ ನೀರು ಕೆಳಗಿನಿಂದ ಮೇಲೇರುತ್ತದೆ. ಹಳೆ ನೆಲ ಅದನ್ನು ಹಾಗೇ ಗಾಳಿಗೆ ಬಿಡುತ್ತಿತ್ತು, ಮೈಕ್ರೋಸಿಮೆಂಟಿನ ಮೇಲಿನ ಸೀಲರ್ ಬಿಡುವುದಿಲ್ಲ. ನೀರಿನ ಆವಿ ಅದರಡಿ ಕೂತು ಪದರವನ್ನೇ ಎಬ್ಬಿಸುತ್ತದೆ. ಮಡಗಾಂವ್ ಹತ್ತಿರ ಒಂದು ಮನೆಯಲ್ಲಿ ನೋಡಿದ್ದೇನೆ, ನೆಲದಲ್ಲಿ ಹಪ್ಪಳದ ಹಾಗೆ ಗುಳ್ಳೆಗಳು, ಕಾಲಿಟ್ಟರೆ ಕರಕ್ ಅನ್ನುತ್ತವೆ.

ಹೇಗೂ ನೆಲ ಅಗೆಯುವುದಿದ್ದರೆ ಅಲ್ಲಿ ಪಾಲಿಶ್ ಕಾಂಕ್ರೀಟ್ ಹೊಂದುತ್ತದೆ. ಮಣ್ಣು ಗಟ್ಟಿ ಮಾಡಿ, ದಪ್ಪ ಪ್ಲಾಸ್ಟಿಕ್ ಹಾಸಿ, ಮೇಲೆ 4 ಇಂಚು ಕಾಂಕ್ರೀಟ್. ನೆಲಮಹಡಿ ಆದ್ದರಿಂದ ತೂಕದ ಚಿಂತೆಯಿಲ್ಲ, ಕೆಳಗೆ ಮಲಗುವವರೂ ಇಲ್ಲ. ಅಗೆಯುವುದಿಲ್ಲ ಅಂದರೆ ಇರುವ ಕೆಂಪು ನೆಲವನ್ನೇ ಉಳಿಸಿಕೊಳ್ಳಿ.

ಪುಣೆಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ.

ಅದೃಷ್ಟವಂತರು. ಪಾಲಿಶ್ ಕಾಂಕ್ರೀಟ್ ಹಾಕಿಸಿ, ಆದರೆ ಈಗಲೇ ಹೇಳಿಬಿಡಿ. ಕಾಂಕ್ರೀಟ್ ಸುರಿಯುವ ದಿನವೇ ಇದು ಪಾಲಿಶ್ ನೆಲ ಅಂತ ಎಲ್ಲರಿಗೂ ಗೊತ್ತಿರಬೇಕು. ಕಾಂಕ್ರೀಟಿನ ಗಟ್ಟಿತನದ ದರ್ಜೆ ಎಂ25ಕ್ಕೆ ಕಡಿಮೆ ಬೇಡ, ಒಂದೇ ದಿನ ಒಂದೇ ಮಿಶ್ರಣದಲ್ಲಿ ಸುರಿಯಬೇಕು, ಮಟ್ಟ ಚೆನ್ನಾಗಿರಬೇಕು, 28 ದಿನ ಬಿಟ್ಟು ಮಷೀನು ಇಳಿಸಬೇಕು. ಅಷ್ಟರೊಳಗೆ ಅದರ ಮೇಲೆ ಪ್ಲೈವುಡ್ ಪೇರಿಸಿಟ್ಟರೆ ಗುರುತು ಉಳಿಯುತ್ತದೆ, ಬಡಗಿಯ ಫೆವಿಕಾಲ್, ಪೇಂಟರಿನ ಟರ್ಪೆಂಟೈನ್ ಎಲ್ಲವೂ.

ಇನ್ನೊಂದು, ಎಲ್ಲಿಯದೋ ಫೋಟೋ ತೋರಿಸಿ ಇದೇ ಬೇಕು ಅನ್ನುತ್ತಾರೆ. ಮುಂಬೈ, ಪುಣೆಯ ಜಲ್ಲಿ ದಖ್ಖನ್ನಿನ ಕಪ್ಪು ಬಸಾಲ್ಟ್. ಮೇಲಿನ ಕೆನೆ ಮಾತ್ರ ಉಜ್ಜಿದರೆ ತಿಳಿ ಬೂದಿ. ಇನ್ನೂ ಸ್ವಲ್ಪ ಇಳಿದರೆ ಉಪ್ಪು ಮೆಣಸು ಬೆರೆಸಿದ ಹಾಗೆ. ಪೂರ್ತಿ ಜಲ್ಲಿ ತೆರೆದರೆ ಕಡುಗಪ್ಪು ಚುಕ್ಕೆ. ಗ್ರಾನೈಟ್ ಜಲ್ಲಿಯ ಬೆಳ್ಳನೆ ನೆಲ ಇಲ್ಲಿನ ಕಾಂಕ್ರೀಟಿನಲ್ಲಿ ಬರುವುದಿಲ್ಲ. ನನಗಂತೂ ಈ ಕಪ್ಪೇ ಇಷ್ಟ.

ಮನೆಯಲ್ಲಿ ವಯಸ್ಸಾದವರಿದ್ದಾರೆ. ಜಾರುತ್ತಾ?

ಒಣಗಿದ್ದರೆ ಎರಡೂ ಅಷ್ಟಾಗಿ ಜಾರುವುದಿಲ್ಲ. ಒದ್ದೆಯಾದರೆ ಹೊಳೆಯುವ ನೆಲ ಜಾರುತ್ತದೆ. ಅತ್ತೆ ಮಾವ ಇರುವ ಮನೆಗೆ ನಾನು 400 ಗ್ರಿಟ್ಟಿಗೇ ನಿಲ್ಲಿಸಿ ಅನ್ನುತ್ತೇನೆ. ಮೈಕ್ರೋಸಿಮೆಂಟಾದರೆ ಮ್ಯಾಟ್ ಸೀಲರ್, ಬಚ್ಚಲಿನಲ್ಲಿ ಜಾರದ ಪುಡಿ ಬೆರೆಸಿದ್ದು.

ಖರ್ಚು ಎಷ್ಟು?

ಚದರ ಅಡಿ ದರ ಒಂದನ್ನೇ ಹೋಲಿಸಬೇಡಿ. ಪಾಲಿಶಿಂಗ್ ದರ ಕೇಳಲು ಕಡಿಮೆ ಅನಿಸುತ್ತದೆ, ಆದರೆ ಅದು ಬರೀ ಉಜ್ಜುವ ಕೂಲಿ. ಕೀಳುವುದು, ರಾಬಿಟ್ ಸಾಗಿಸುವುದು, ಹೊಸ ಕಾಂಕ್ರೀಟು, ಇಂಜಿನಿಯರ್, ಎಲ್ಲ ಬೇರೆ. ಮೈಕ್ರೋಸಿಮೆಂಟ್ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಯಾಕೆಂದರೆ ಅದರಲ್ಲಿ ಕೈಕೆಲಸವೇ ಜಾಸ್ತಿ, ಮತ್ತೆ ಒಳ್ಳೆ ಸೀಲರ್ ದುಬಾರಿ. ಎರಡರಲ್ಲೂ ಜಾಗ ಚಿಕ್ಕದಾದಷ್ಟೂ ಅಡಿಯ ದರ ಏರುತ್ತದೆ. 60 ಚದರ ಅಡಿ ಬಾಲ್ಕನಿಗೂ ಮಷೀನು ಟೆಂಪೋದಲ್ಲೇ ಬರಬೇಕಲ್ಲ.

ಕೊಟೇಶನ್ನಿನಲ್ಲಿ ಇಷ್ಟು ಬರೆಸಿಕೊಳ್ಳಿ: ಎಷ್ಟು ಪದರ, ಜಾಲರಿ ಇದೆಯೋ ಇಲ್ಲವೋ, ಸೀಲರ್ ಯಾವುದು, ಎಷ್ಟು ಕೋಟು, ಟೊಳ್ಳು ಲಾದಿ ಸಿಕ್ಕರೆ ಯಾರ ಖರ್ಚು. ಕೊನೆಯ ಸಾಲಿನ ಮೇಲೇ ಆಮೇಲೆ ಜಗಳ ಆಗುವುದು.

ಕೆಲಸಗಾರ ಒಳ್ಳೆಯವನೋ ಅಲ್ಲವೋ ಹೇಗೆ ಗೊತ್ತಾಗುತ್ತೆ?

ಫೋಟೋ ನಂಬಬೇಡಿ. ಬರೀ ಗೋಡೆಯ ಟೆಕ್ಸ್ಚರ್ ಪುಟ್ಟಿಯನ್ನೇ ಮೈಕ್ರೋಸಿಮೆಂಟ್ ಅಂತ ಮಾರುವವರೂ ಇದ್ದಾರೆ. ನಿಮ್ಮ ಮನೆಯ ಒಂದು ಮೂಲೆಯಲ್ಲೋ, ಪ್ಲೈವುಡ್ ತುಂಡಿನ ಮೇಲೋ ಮಾದರಿ ಮಾಡಿಸಿ, ಸೀಲರ್ ಸಮೇತ. ಒಂದು ವಾರ ಒಣಗಲಿ. ಆಮೇಲೆ ಒಂದು ರಾತ್ರಿ ಅದರ ಮೇಲೆ ಸಾಲಾಗಿ ಒಂದೊಂದು ಚಮಚ ಹಾಕಿ: ಅರಿಶಿನದ ನೀರು, ಹುಣಸೆ ರಸ, ಕೊಬ್ಬರಿ ಎಣ್ಣೆ, ಕಾಫಿ ಡಿಕಾಕ್ಷನ್. ಬೆಳಿಗ್ಗೆ ಎದ್ದು ಒದ್ದೆ ಬಟ್ಟೆಯಲ್ಲಿ ಒರೆಸಿ. ಅರಿಶಿನ ತುಸು ಹಳದಿ ಉಳಿಸಿದರೆ ಪರವಾಗಿಲ್ಲ, ಎಣ್ಣೆ ಒಳಗೆ ಇಳಿದು ಕಪ್ಪಾಗಿದ್ದರೆ ಬೇರೆಯವರನ್ನು ನೋಡಿ. ನಾನು ಮಾಡಿದ ಮಾದರಿಗೂ ಒಬ್ಬ ಅಮ್ಮ ಹೀಗೇ ಮಾಡಿ, ಮೇಲಿಂದ ಉಪ್ಪಿನಕಾಯಿ ಬೇರೆ ಇಟ್ಟಿದ್ದರು.

ಪಾಲಿಶಿಂಗಿನವರಾದರೆ ಧೂಳಿಗೆ ಏನು ಮಾಡುತ್ತೀರಿ ಅಂತ ಕೇಳಿ. ಕಾಂಕ್ರೀಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶ ಹಾಳು ಮಾಡುತ್ತದೆ. ನೀರು ಹಾಕಿ ಉಜ್ಜಬೇಕು, ಇಲ್ಲವೇ ಮಷೀನಿಗೇ ವ್ಯಾಕ್ಯೂಮ್ ಇರಬೇಕು. ಮೂಗಿಗೆ ಕರ್ಚೀಫು ಕಟ್ಟಿಕೊಂಡ ಹುಡುಗರನ್ನು ಕಳಿಸುವವರು ನಿಮ್ಮ ನೆಲವನ್ನೂ ಹಾಗೇ ನೋಡಿಕೊಳ್ಳುತ್ತಾರೆ.

ಒರೆಸುವುದು, ತೊಳೆಯುವುದು?

ಆಸಿಡ್ ಬೇಡ, ಸೋಡಾ ಪುಡಿ ಬೇಡ, ತಂತಿಯ ಬ್ರಷ್ ಬೇಡ. ಬರೀ ನೀರು, ಬೇಕಾದರೆ ಪಿಎಚ್ ನ್ಯೂಟ್ರಲ್ ಅಂತ ಬರೆದ ದ್ರವ. ನೀರಿನ ಹನಿ ಹಾಕಿದಾಗ ಮಣಿಯ ಹಾಗೆ ನಿಲ್ಲದೆ ನೆಲ ಕಪ್ಪಾಗತೊಡಗಿದರೆ ಮತ್ತೆ ಸೀಲರ್ ಹೊಡೆಸುವ ಕಾಲ ಬಂದಿದೆ. ಸ್ಟೀಲ್ ಕಪಾಟನ್ನು ಎಳೆಯಬೇಡಿ, ಎತ್ತಿಸಿ.

ಗೋಡೆಗೆ?

ಮೈಕ್ರೋಸಿಮೆಂಟ್ ಮಾತ್ರ. ಗೋಡೆಯಲ್ಲಿ ತೇವ ಇದ್ದರೆ ಅದೂ ಬೇಡ.

ಎರಡೂ ಬೇಡ ಅನಿಸಿದರೆ?

ಊರಿನ ಕೆಂಪು ಗಾರೆ ನೆಲ ನೆನಪಿದೆಯಾ? ಸಿಮೆಂಟಿಗೆ ರೆಡ್ ಆಕ್ಸೈಡ್ ಕಲಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದು. ನೆಲಮಹಡಿಯ ಮನೆಗೆ, ಕಾಯಲು ಪುರುಸೊತ್ತಿದ್ದರೆ, ಇವತ್ತಿಗೂ ಎರಡಕ್ಕಿಂತ ಅಗ್ಗ ಅದೇ. ಕಷ್ಟ ಏನೆಂದರೆ ಅದನ್ನು ತಿಕ್ಕುವ ಕೈ ಸಿಗುವುದಿಲ್ಲ. ಗೋವಾ ಕಡೆ ಬಾಗಲಕೋಟೆ, ವಿಜಯಪುರದ ಹಳೆ ಗಾರೆಯವರು ಒಬ್ಬಿಬ್ಬರು ಇನ್ನೂ ಸಿಗುತ್ತಾರೆ, ಕೆಲಸದ ದಿನ ಹಿಡಿಯಲು ಎರಡು ತಿಂಗಳು ಮುಂಚೆ ಹೇಳಬೇಕು. ಕುಂದಾಪುರದ ಹತ್ತಿರ ನಮ್ಮ ಅಜ್ಜಿ ಮನೆಯ ಜಗಲಿ ಅಂಥದ್ದೇ. ಅಜ್ಜಿ ತೆಂಗಿನೆಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸುತ್ತಿದ್ದರು, ಅಷ್ಟೇ. ಅದರಲ್ಲೂ ಬಿರುಕಿದೆ, ಬಾಗಿಲಿನಿಂದ ತುಳಸಿಕಟ್ಟೆ ಕಡೆಗೆ ಒಂದು, ಚಿಕ್ಕವರಿದ್ದಾಗ ಅದರ ಮೇಲೆ ಗೋಲಿ ಉರುಳಿಸುತ್ತಿದ್ದೆವು.